ನಾಲ್ಕು ಗಂಟೆವರೆಗೂ ಕೋಳಿ ಒಳಗೇ ಇರ್ಲಿ ಬಿಡಿ

ಮೊನ್ನೆ ನಮ್ಮ ಕೋಳಿ ಕೂಡಾಕಿರೋ ತಂತಿ ಮೆಶ್ ಫೋಟೋ ಹಾಕಿದ್ದೇ ತಡ, "ಅಕ್ಕಾ, ನಾಟಿ ಕೋಳಿನ ಹಿಂಗೆ ಕೂಡಾಕಿದ್ರೆ ಅದು ನಾಟಿ ಹೆಂಗಾಗುತ್ತೆ" ಅಂತ ಮೂರು ಜನ ಇನ್‌ಬಾಕ್ಸಿಗೆ ಬಂದ್ರು. ಮೂರೂ ಜನ ಬೆಂಗಳೂರಲ್ಲಿ ಫ್ಲ್ಯಾಟಲ್ಲಿರೋರು, ಅದಿರ್ಲಿ. ಇದೇ ಮಾತನ್ನ ನಮ್ಮತ್ತೆ ಎರಡು ವರ್ಷದಿಂದ ದಿನಾ ಅಂತಾನೇ ಇದಾರೆ, "ಕೋಳಿನ ಜೈಲಿಗಾಕಿದೀಯಲ್ಲವ್ವಾ" ಅಂತ. ಅವ್ರ ಮುಂದೆ ನಂಗೆ ಬಾಯಿ ಬರಲ್ಲ, ಇಲ್ಲಿ ಬರೀತೀನಿ.

ನಾನು ಮದುವೆಯಾಗಿ ತಿಪಟೂರು ಕಡೆ ಈ ಊರಿಗೆ ಬಂದಾಗ ಕೋಳಿಗೊಂದು ಬೇಲಿ ಅನ್ನೋದೇ ಇರ್ಲಿಲ್ಲ. ಬೆಳಿಗ್ಗೆ ಮಂಕ್ರಿ ಎತ್ತಿದ್ರೆ ಸೀದಾ ತಿಪ್ಪೆಗೆ, ಅಲ್ಲಿಂದ ತೆಂಗಿನ ತೋಟಕ್ಕೆ, ಹೊತ್ತು ಮುಳುಗೋ ಟೈಮಿಗೆ ತಾವೇ ಮನೆಗೆ. ಒಂದು ಹಿಡಿ ರಾಗಿ ಚೆಲ್ಲಿದ್ರೆ ಖರ್ಚು ಮುಗೀತು. ಒಂದ್ಸಲ ಒಂದು ಕರಿ ಹ್ಯಾಟೆ ಕಾಣೆಯಾಗಿ, ನಾಯಿ ಪಾಲಾಯ್ತು ಅಂತ ಮರೆತೇ ಬಿಟ್ಟಿದ್ವಿ, ಮೂರು ವಾರ ಆದ್ಮೇಲೆ ಲಂಟಾನ ಪೊದೆಯಿಂದ ಒಂಬತ್ತು ಮರಿ ಕಟ್ಕೊಂಡು ಅಂಗಳಕ್ಕೆ ಬಂತು, ಮುಖದಲ್ಲಿ ಏನೂ ಆಗಿಲ್ವೇನೋ ಅನ್ನೋ ಹಂಗೆ. ಬಿಟ್ಟು ಸಾಕೋದ್ರ ಸುಖ ನಂಗೂ ಗೊತ್ತು ಕಣ್ರಪ್ಪಾ.

ಆದ್ರೆ ಲೆಕ್ಕ ಇಟ್ಟೋರು ಯಾರು? ಹದ್ದು ಬಂದ್ರೆ ತಾಯಿ ಕೋಳಿ ಒಂಥರಾ ಗಂಟಲೊಳಗೇ ಉದ್ದಕ್ಕೆ ಕರ್‌ರ್‌ರ್ ಅನ್ನುತ್ತೆ, ಮರಿಗಳೆಲ್ಲ ಇದ್ದಲ್ಲೇ ನೆಲಕ್ಕೆ ಅಂಟ್ಕೊಂಡ್ ಬಿಡ್ತವೆ, ಅದನ್ನ ನೋಡೋಕೆ ಎರಡು ಕಣ್ಣು ಸಾಲದು. ಆದ್ರೂ ಒಂದು ಮರಿ ಓಡುತ್ತಲ್ಲ, ಅದನ್ನೇ ಎತ್ಕೊಂಡ್ ಹೋಗೋದು. ಒಂದು ಬೇಸಿಗೇಲಿ ಹನ್ನೊಂದು ಮರಿ ಇದ್ದಿದ್ದು ದಿನಕ್ಕೊಂದು, ಎರಡು ದಿನಕ್ಕೊಂದು ಹೋಗಿ ನಾಲ್ಕಕ್ಕೆ ಬಂದು ನಿಂತ್ವು. ಮುಂಗುಸಿ ಬೇರೆ, ಬೀದಿ ನಾಯಿ ಬೇರೆ. ಇಷ್ಟಲ್ಲದೆ ಪಕ್ಕದ ತೋಟದೋರು ಹಾಕಿದ್ದ ಟೊಮ್ಯಾಟೊ ಸಸಿ ಮಡಿನ ನಮ್ಮ ಹುಂಜ ತನ್ನ ಸಂಸಾರ ಸಮೇತ ಹೋಗಿ ಕೆರೆದು ಹಾಕ್ತು, ಆರು ತಿಂಗಳು ಮಾತಿಲ್ಲ. ಅವ್ರು ಹೊಡೆಯೋ ಔಷಧಿ ನಮ್ಮ ಕೋಳಿ ಹೊಟ್ಟೆಗೆ ಹೋಗೋದೂ ನಂಗೆ ಬೇಡ. ಅತ್ತೆ ಕಾಲದಲ್ಲಿ ಸುತ್ತ ಬರೀ ರಾಗಿ ಹೊಲ ಇತ್ತು, ಈಗೆಲ್ಲಿದೆ.

ಹಂಗಂತ ಮೆಶ್ ಹಾಕಿದ ತಕ್ಷಣ ಎಲ್ಲ ಸರಿಹೋಯ್ತು ಅಂತೇನಿಲ್ಲ. ಮೊದಲ ವರ್ಷ ಆ ಆರು ಮೂಲೆ ತೂತಿನ ತೆಳು ಕೋಳಿ ಮೆಶ್ಶೇ ಹಾಕಿಸಿದ್ದೆ, ಒಂದು ರಾತ್ರಿ ಕಾಡುಬೆಕ್ಕು ಬಾಗಿಲ ಸಂದಿಯಿಂದ ನುಗ್ಗಿ ಏಳು ಕೋಳಿ ಕೊಂದು ಒಂದನ್ನ ಮಾತ್ರ ಎತ್ಕೊಂಡ್ ಹೋಗಿತ್ತು. ಹೊರಗಿದ್ದಿದ್ರೆ ನಾಲ್ಕಾದ್ರೂ ಹಾರಿ ಮರ ಹತ್ತಿರೋವು, ಒಳಗೆ ಓಡೋಕೆ ಜಾಗ ಎಲ್ಲಿ? ಈಗ ಅರ್ಧ ಇಂಚಿನ ವೆಲ್ಡ್ ಮೆಶ್, ನೆಲದೊಳಗೆ ಒಂದಡಿ ಹೂತಿದೀವಿ, ಮೇಲೆ ಬಲೆ. ದುಡ್ಡು ಜಾಸ್ತೀನೇ ಆಯ್ತು. ಆಮೇಲೆ ದಿನವಿಡೀ ಒಳಗಿದ್ರೆ ಬೇಜಾರಿಗೆ ಒಂದರ ಪುಕ್ಕ ಒಂದು ಕೀಳ್ತವೆ, ಮಳೆಗಾಲದಲ್ಲಿ ನೆಲ ಒದ್ದೆಯಾದ್ರೆ ಮರಿಗಳಿಗೆ ರಕ್ತಭೇದಿ ಶುರು. ನುಗ್ಗೆಸೊಪ್ಪು ಕಟ್ಟಿ ನೇತಾಕ್ಬೇಕು, ಮಣ್ಣಲ್ಲಿ ಹೊರಳಾಡೋಕೆ ಬೂದಿ ಬೆರೆಸಿದ ಒಣ ಗುಂಡಿ ಮಾಡ್ಕೊಡ್ಬೇಕು, ಇಲ್ಲಾಂದ್ರೆ ಅತ್ತೆ ಹೇಳಿದ್ದೇ ನಿಜ, ಜೈಲೇ.

ಕೊಕ್ಕರೆ ರೋಗ, ಅಂದ್ರೆ ಕೋಳಿಗೆ ಬರೋ ರಾಣಿಖೇತ್ ರೋಗ, ಅದರ ಲಸಿಕೆ ವಿಷಯಕ್ಕೆ ಮಾತ್ರ ಮೆಶ್ಶಿಗೆ ನೂರಕ್ಕೆ ನೂರು ಮಾರ್ಕ್ಸ್. ಮೊದಲ ವಾರ ಕಣ್ಣಿಗೆ ಲಸೋಟ ಹನಿ, ಎಂಟನೇ ವಾರದ ಸುಮಾರಿಗೆ ಆರ್‌ಟುಬಿ ಇಂಜೆಕ್ಷನ್, ಒಂದೂ ತಪ್ಪಲ್ಲ. ಬಿಟ್ಟು ಸಾಕಿದಾಗ ಯಾವುದಕ್ಕೆ ಹಾಕಿದೀವಿ ಯಾವುದಕ್ಕಿಲ್ಲ ಅಂತಾನೇ ಗೊತ್ತಾಗ್ತಿರ್ಲಿಲ್ಲ, ರೋಗ ಬಂದ್ರೆ ಊರಿಗೆ ಊರೇ ಖಾಲಿ. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಲಿ ಹಕ್ಕಿಜ್ವರ ಬಂದಾಗ ಮನೆಗಳಲ್ಲಿ ಸಾಕಿದ ಕೋಳಿನೂ ಕೊಲ್ಲಬೇಕಾಯ್ತಲ್ಲ, ಅದು ಫಾರಂನೋರ ತಲೆನೋವು ಮಾತ್ರ ಅಲ್ಲ.

ಹಂಗಾಗಿ ನಮ್ಮನೇಲಿ ಮಧ್ಯಾಹ್ನ ನಾಲ್ಕರವರೆಗೂ ಒಳಗೆ, ಆಮೇಲೆ ಬಾಗಿಲು ತೆಗೆಯೋದು. ಕೋಳಿ ಮೊಟ್ಟೆ ಇಡೋದು ಹೆಚ್ಚುಕಮ್ಮಿ ಬೆಳಿಗ್ಗೆನೇ, ಅಷ್ಟೊತ್ತಿಗೆ ಮೊಟ್ಟೆಯೆಲ್ಲ ಬುಟ್ಟೀಲಿ ಸೇಫ್. ಕತ್ತಲಾಗೋ ಭಯಕ್ಕೆ ದೂರ ಹೋಗಲ್ಲ, ಎರಡು ಗಂಟೆ ಗೆದ್ದಲು ಹುಲ್ಲು ಅಂತ ಮೇಯ್ದು ತಾವೇ ಒಳಗೆ ಬರ್ತವೆ, ಅಷ್ಟು ಮೇಯ್ದ್ರೂ ಸಾಕು ಮೊಟ್ಟೆ ಒಳಗಿನ ಹಳದಿ ಗಾಢ ಬರುತ್ತೆ. ಮರಿಕೋಳಿನ ಮಾತ್ರ ಎರಡು ತಿಂಗಳು ಬಿಡಲ್ಲ. ಹೆಬ್ಬಾಳದ ವೆಟರ್ನರಿ ಕಾಲೇಜಿನ ಗಿರಿರಾಜ ತಳಿ ಇಟ್ಕೊಂಡಿರೋರಿಗೆ ಒಂದ್ಮಾತು, ಅದು ಮೈಭಾರದ ಕೋಳಿ, ನಾಯಿ ಬಂದ್ರೆ ನಾಟಿ ಥರ ಹಾರಿ ಗೋಡೆ ಹತ್ತಲ್ಲ, ಬಿಡೋದಾದ್ರೆ ನೀವೂ ಜೊತೇಲಿ ನಿಂತ್ಕೊಳ್ಳಿ. ಹೆಬ್ಬಾಳದಿಂದಾನೇ ಆಮೇಲೆ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ತಪ್ಪಿಸ್ಕೊಳ್ಳೋದ್ರಲ್ಲಿ ವಾಸಿ.

ನಾನು ತಿಪಟೂರಿಗೆ ಹೋದ ದಿನ ಅತ್ತೆ ಬೆಳಿಗ್ಗೆನೇ ಬಾಗಿಲು ತೆಗೆದು ಬಿಡ್ತಾರೆ. ಕೇಳಿದ್ರೆ "ಇಲ್ಲ ಕಣವ್ವಾ, ನಾಲ್ಕಕ್ಕೇ ಬಿಟ್ಟೆ" ಅಂತಾರೆ. ಅವತ್ತು ಬುಟ್ಟೀಲಿ ಎರಡೇ ಮೊಟ್ಟೆ ಇರುತ್ತೆ, ಮಾರನೇ ದಿನ ಹುಲ್ಲಿನ ಬಣವೇಲಿ ನಾಲ್ಕು ಸಿಗುತ್ತೆ.