ಹಂಚು, ಹೆಂಚು, ಹಿನ್ನೀರು

ರೊಟ್ಟಿ ಹಬ್ಬದ ಹಿಂದಿನ ದಿನವೇ ಅವ್ವ ರೊಟ್ಟಿ ಸುಡುವ ಬೀಡಿನ (ಎರಕದ ಕಬ್ಬಿಣದ) ಹಂಚು ನನ್ನ ಕೈ ಜಾರಿ ಎರಡು ಹೋಳಾಯಿತು. ಮರುದಿನ ಓಣಿಗೆಲ್ಲ ರೊಟ್ಟಿ ಬೀರಬೇಕು. ಅದರ ಬೆನ್ನಿಗೇ ನಾಗರ ಪಂಚಮಿ, ಒಲೆ ಮೇಲೆ ಹಂಚು ಇಡುವಂತೆಯೇ ಇಲ್ಲ. ಒಡೆಯುವುದೇ ಇದ್ದರೆ ಒಂದು ದಿನ ತಡೆದು ಒಡೆಯಬಾರದಿತ್ತೇ!

"ಬಜಾರಕ್ಕ ಹೋಗು, ನಾಕು ಮಂದೀನ್ ಕೇಳು" ಅಂದಳು ಅವ್ವ. ಕಿಸೆಯಲ್ಲಿ ಮೊಬೈಲ್ ಇರುವಾಗ ಮಂದೀನ್ ಯಾಕೆ ಕೇಳಬೇಕು?

‘ಹತ್ತಿರದ ಹಂಚಿನ ಅಂಗಡಿ’ ಎಂದು ಒತ್ತಿದೆ. ಸಾಲಾಗಿ ಬಂದವು, ಎಲ್ಲಾ ಮಾಳಿಗೆಗೆ ಹೊದಿಸುವ ಹೆಂಚಿನವು. ಇರಲಿ ಎಂದು ‘ರೊಟ್ಟಿ ಹಂಚು’ ಎಂದು ತಿದ್ದಿದೆ. ಅದನ್ನು ಅಪ್ಪಣೆ ಎಂದೇ ತಿಳಿಯಿತೋ ಏನೋ, ಮನೆಮನೆಗೆ ಊಟ ಮುಟ್ಟಿಸುವವರನ್ನು ತೋರಿಸಿತು. ‘ಐರನ್ ತವಾ’ ಎಂದು ಬರೆಯಹೊರಟರೆ ‘ಐರನ್’ ಮುಗಿಯುವಷ್ಟರಲ್ಲೇ ಇಸ್ತ್ರಿ ಅಂಗಡಿ ಹಾಜರು.

ಕಡೆಗೊಂದು ಪಾತ್ರೆ ಅಂಗಡಿ ಸಿಕ್ಕಿತು. ‘ಈಗ ತೆರೆದಿದೆ’ ಎಂದಿತ್ತು. ನವನಗರದಿಂದ ಗಾಡಿ ಒದ್ದು ಹಳೇ ಬಾಗಲಕೋಟೆಗೆ ಇಳಿದೆ. ಕಿಸೆಯೊಳಗಿನ ಹೆಣ್ಣುಮಗಳು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಹೆಂಡತಿ ಹೇಳಿದ್ದನ್ನು ಇಷ್ಟು ನಿಷ್ಠೆಯಿಂದ ಕೇಳಿದ್ದು ನೆನಪಿಲ್ಲ. ಹೋಗುತ್ತಾ ಹೋಗುತ್ತಾ ರಸ್ತೆಯೇ ಮುಗಿಯಿತು.

ಶ್ರಾವಣ ನೋಡಿ. ಆಲಮಟ್ಟಿ ಅಣೆಕಟ್ಟು 519.60 ಮೀಟರ್‌ಗೆ ಭರ್ತಿಯಾಯಿತೆಂದರೆ ಘಟಪ್ರಭೆಯ ಹಿನ್ನೀರು ನಮ್ಮೂರಿನ ಅಂಚಿಗೆ ಬಂದು ಕೂರುತ್ತದೆ. "ನೀವು ತಲುಪಬೇಕಾದ ಸ್ಥಳ ಬಲಗಡೆ ಇದೆ" ಎಂದಿತು ಮೊಬೈಲ್. ಬಲಗಡೆ ಮೂಗಿನ ಮಟ್ಟ ಮುಳುಗಿದ ಎರಡು ಎಮ್ಮೆ ನನ್ನನ್ನೇ ನೋಡುತ್ತಿದ್ದವು.

ದಂಡೆಯಲ್ಲಿ ಕೂತ ಎಮ್ಮೆಯವ ವಿಚಾರಿಸಿದ. ಹೇಳಿದೆ. "ಆ ಅಂಗಡಿ ಮುಳುಗಡ್ಯಾಗ ಹೋಗಿ ಭಾಳ ವರ್ಷ ಆತಲ್ರೀ. ಅವ್ರು ಈಗ ನವನಗರದಾಗ ಅದಾರ" ಎಂದು ಸೆಕ್ಟರ್ ನಂಬರ್ ಸಮೇತ ಹೇಳಿದ. ನಾಕು ಮಂದಿಯೂ ಬೇಕಾಗಲಿಲ್ಲ, ಒಬ್ಬನೇ ಸಾಕಾದ.

ಬಂದ ದಾರಿಯಲ್ಲೇ ವಾಪಸ್. ಅಂಗಡಿಯ ಯಜಮಾನರು ಐದಾರು ಹಂಚು ಇಳಿಸಿ, ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಠಣ್ ಎಂದದ್ದನ್ನು ನನ್ನ ಮುಂದಿಟ್ಟು, ಠಪ್ ಎಂದದ್ದನ್ನು ಹಿಂದೆ ಸರಿಸಿದರು. "ಉಳ್ಳಾಗಡ್ಡಿ ಅರ್ಧಾ ಕೊಯ್ದು, ಎಣ್ಯಾಗ ಅದ್ದಿ ತಿಕ್ಕ್ರಿ. ಮೊದಲ್ನೇ ರೊಟ್ಟಿ ಆಕಳಿಗೆ ಹಾಕ್ರಿ" ಎಂದರು. ಇದಾವುದನ್ನೂ ಮೊಬೈಲ್ ಹೇಳಿರಲಿಲ್ಲ.

ದುಡ್ಡು ಕೊಡುವಾಗ ನಕಾಶೆ ತೋರಿಸಿದೆ. "ನೋಡ್ರಿ, ನಿಮ್ಮ ಅಂಗಡಿ ನೀರಾಗ ಐತಿ. ಈಗಿಂದೀಗ ಸರಿಮಾಡ್ತೀನಿ."

ಅವರು ಚಷ್ಮಾ ಏರಿಸಿ ಬಹಳ ಹೊತ್ತು ನೋಡಿದರು. "ಹಳೇ ಬಿಲ್‌ಬುಕ್ ನೋಡಿ ಯಾವನೋ ಹುಡುಗ ಹಾಕ್ಯಾನ. ಜಾಗಾ ಮಾತ್ರ ಬರೋಬ್ಬರಿ ಐತಿ, ನಮ್ಮಪ್ಪ ಕುಂಡ್ರತಿದ್ದದ್ದು ಅಲ್ಲೇ" ಎಂದು ಮೊಬೈಲ್ ನನ್ನ ಕೈಗಿಟ್ಟರು.

"ಅಲ್ಲೇ ಇರ್ಲಿ ಬಿಡ್ರಿ. ಬ್ಯಾಸಗ್ಯಾಗ ನೀರು ಇಳೀತದ."