ಕಟ್ಟೆ ಉಳಿಸಿದ್ರು, ಕೂರೋಕೆ ಮಾತ್ರ ಬಿಡಲ್ಲ

ನಿನ್ನೆ ಸಂಜೆಯಿಂದ ಹೊಟ್ಟೆಯೊಳಗೆ ಕುದೀತಾ ಇದೆ, ಬರೆದು ಹಾಕದೆ ಸಮಾಧಾನ ಇಲ್ಲ. ಒಂದು ಹಳೇ ಮಾರ್ಕೆಟ್ ಕಟ್ಟಡಾನ ಶಾಪಿಂಗ್ ಸೆಂಟರ್ ಮಾಡಿದಾರೆ, ಮೊದಲನೇ ಸಲ ಒಳಗೆ ಹೋಗಿದ್ದೆ. ಯಾವ ಊರು ಯಾವ ಕಟ್ಟಡ ಅಂತ ಕೇಳ್ಬೇಡಿ, ಇದು ಒಂದೇ ಕಟ್ಟಡದ ಕತೆ ಅಲ್ಲ.

ಕೆಲಸ ಚೆನ್ನಾಗೇ ಮಾಡಿದಾರೆ, ಅದನ್ನ ಮೊದ್ಲೇ ಒಪ್ಕೋತೀನಿ. ಯಾವನೋ ಹಿಂದೆ ಮೆತ್ತಿದ್ದ ಸಿಮೆಂಟ್ ಪೂರ್ತಿ ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆ ಹಾಕಿದಾರೆ, ಅದು ನೋಡಿ ನಿಜಕ್ಕೂ ಕಣ್ಣು ತುಂಬಿ ಬಂತು, ಯಾಕಂದ್ರೆ ಸಿಮೆಂಟ್ ತೇವಾನ ಹೊರಗೆ ಬಿಡಲ್ಲ, ಒಳಗೊಳಗೇ ಹಳೇ ಇಟ್ಟಿಗೆ ಪುಡಿಯಾಗ್ತಾ ಹೋಗುತ್ತೆ, ಗಾರೆ ಆದ್ರೆ ಗೋಡೆ ಉಸಿರಾಡುತ್ತೆ. ಇಷ್ಟೆಲ್ಲ ಗೊತ್ತಿರೋರೇ ಕೂತು ಮಾಡಿರೋ ಕೆಲಸ ಅದು.

ಆಮೇಲೆ ಬಾಗಿಲಿಗೆ ಬಂದೆ. ಕಲ್ಲಿನ ಹೊಸ್ತಿಲು ನಡುಮಧ್ಯ ಬಟ್ಟಲಿನ ಥರ ಸವೆದಿದೆ. ಮೂಟೆ ಹೊತ್ತೋರು, ಬರಿಗಾಲಲ್ಲಿ ಓಡಾಡಿದೋರು, ತಲೆಮಾರುಗಟ್ಲೆ ಜನ ತುಳಿದು ತುಳಿದು ಆಗಿರೋ ಗುಳಿ. ಅದರ ಮೇಲೀಗ ದಪ್ಪ ಗಾಜು ಹಾಸಿ ಕೆಳಗಿಂದ ಲೈಟ್ ಬಿಟ್ಟಿದಾರೆ, ಪಕ್ಕದಲ್ಲಿ 'ತುಳಿಯಬೇಡಿ' ಅಂತ ಬೋರ್ಡು. ಕಾಲಿಂದಾನೇ ಆದ ಗುಳಿ ಕಣ್ರೀ ಅದು!

ಸರಿ, ಅದನ್ನೂ ನುಂಗ್ಕೋಬಹುದಿತ್ತು. ಬಾಗಿಲ ಪಕ್ಕ ಗೋಡೆಗೆ ಸೇರಿಸಿ ಕಟ್ಟಿರೋ ಒಂದು ಕಲ್ಲಿನ ಕಟ್ಟೆ ಇದೆ, ಅಲ್ಲಿ ಒಬ್ರು ವಯಸ್ಸಾದ ಹೆಂಗಸು ಕೂತಿದ್ರು, ಮಂಡಿ ನೀವ್ಕೋತಾ. ಸೆಕ್ಯೂರಿಟಿ ಹುಡುಗ ಬಂದ, "ಅಮ್ಮಾ, ಇಲ್ಲಿ ಕೂರಂಗಿಲ್ಲ, ಕೂರ್ಬೇಕಂದ್ರೆ ಒಳಗೆ ಕೆಫೆ ಇದೆ" ಅಂದ. ಮಾತು ಮೆತ್ತಗೇ ಇತ್ತು. ಆಯಮ್ಮ ಏನೂ ಮಾತಾಡ್ದೆ ಗೋಡೆ ಹಿಡ್ಕೊಂಡು ಎದ್ದು ಹೊರಟ್ರು. ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ, ಅವನಿಗೂ ಒಂದು ಕುರ್ಚಿ ಕೊಟ್ಟಿಲ್ಲ, ಇಡೀ ಶಿಫ್ಟ್ ನಿಂತೇ ಇರ್ಬೇಕಂತೆ, ಕೇಳ್ದೆ.

ಆಮೇಲೆ ಹಟಕ್ಕೆ ಬಿದ್ದು ಮೂರು ಮಹಡೀನೂ ಸುತ್ತಿದೆ. ದುಡ್ಡು ಕೊಡದೆ ಕೂರಬಹುದಾದ ಒಂದೇ ಒಂದು ಜಾಗ ಇಲ್ಲ. ಒಂದೂ ಇಲ್ಲ. ಮಾರ್ಕೆಟ್ ಆಗಿದ್ದ ಜಾಗ ಅದು, ಕೊಳ್ಳೋರು, ಕೊಳ್ದೇ ಇರೋರು, ಮಳೆಗೆ ನಿಂತೋರು ಎಲ್ರಿಗೂ ಸೇರಿದ್ದು.

ಈಗ ಒಂದು ವಿಷ್ಯ ಹೇಳ್ಬೇಕು, ಇದನ್ನ ನಾನು ಹೆಚ್ಚು ಜನರ ಹತ್ರ ಹೇಳ್ಕೊಂಡಿಲ್ಲ. ನಾನು ಹಿಂದೆ ಕಟ್ಟಡಗಳ ಪ್ಲಾನ್ ಬರೆಯೋ ಡ್ರಾಯಿಂಗ್ ಆಫೀಸಲ್ಲಿ ಕೆಲಸಕ್ಕಿದ್ದೆ, ಆಗ ಇಂಥದ್ದೇ ಒಂದು ಹಳೇ ಕಟ್ಟಡದ ಪ್ಲಾನ್ ನನ್ನ ಟೇಬಲ್‌ಗೆ ಬಂದಿತ್ತು. ಮೊದಲ ಡ್ರಾಯಿಂಗಲ್ಲಿ ನಡುವಿನ ಅಂಗಳದ ಸುತ್ತ ಹನ್ನೆರಡು ಬೆಂಚ್ ಇದ್ವು. ಕೂತೋರು ಕೊಳ್ಳಲ್ಲ, ತೆಗೀರಿ ಅಂತ ಮೇಲಿಂದ ಹೇಳಿಕಳಿಸಿದ್ರು. ಹನ್ನೆರಡನ್ನೂ ಅಳಿಸಿದ್ದು ನನ್ನ ಕೈ. ಎರಡು ನಿಮಿಷದ ಕೆಲಸ. ನಿನ್ನೆ ಆಯಮ್ಮ ಎದ್ದು ಹೋಗೋವಾಗ ನಂಗೆ ನೆನಪಾಗಿದ್ದು ಅದೇ.

1964ರ ವೆನಿಸ್ ಚಾರ್ಟರ್ ಅಂತ ಇದೆ, ಸ್ಮಾರಕಗಳನ್ನ ಕಾಪಾಡೋಕೆ ಪ್ರಪಂಚದ ತಜ್ಞರೆಲ್ಲ ಸೇರಿ ಒಪ್ಪಿದ ನಿಯಮಾವಳಿ. ಅದರ ಐದನೇ ವಿಧೀಲಿ ಹಳೇ ಕಟ್ಟಡಾನ ಬಳಸ್ತಾ ಇದ್ರೆ ಅದನ್ನ ಕಾಪಾಡೋದು ಸುಲಭ ಅನ್ನೋ ಮಾತಿದೆ, ಆದ್ರೆ ಆ ಬಳಕೆ ಸಮಾಜಕ್ಕೆ ಉಪಯೋಗ ಆಗುವಂಥದ್ದಾಗಿರ್ಬೇಕು. ಇಂಥ ಎಷ್ಟೋ ಕಟ್ಟಡಗಳಲ್ಲಿ 'ಬಳಕೆ' ಅನ್ನೋದನ್ನ ಇಟ್ಕೊಂಡ್ರು, 'ಸಮಾಜ' ಅನ್ನೋದನ್ನ ಕೈಬಿಟ್ರು.

ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳ್ತೀರ, ಗೊತ್ತು. ಅಂಗಡಿ ಬಾಡಿಗೆ ಇಲ್ದಿದ್ರೆ ಸೂರು ಸೋರಿ ಕಟ್ಟಡಾನೇ ಬಿದ್ದೋಗ್ತಿತ್ತು ಅಂತೀರ. ನಿಜಾನೇ. ಪ್ಯಾರಿಸ್‌ನ ಲೇ ಹಾಲ್ ಮಾರ್ಕೆಟ್ 1969ರಲ್ಲಿ ಊರಾಚೆ ರುಂಜಿಸ್‌ಗೆ ಹೋದಮೇಲೆ, 1971ರಿಂದ ಆ ಕಬ್ಬಿಣ-ಗಾಜಿನ ಮಂಟಪಗಳನ್ನ ಒಂದೊಂದಾಗಿ ಕೆಡವಿದ್ರು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಸಿಡ್ನಿಯ ಕ್ವೀನ್ ವಿಕ್ಟೋರಿಯಾ ಬಿಲ್ಡಿಂಗ್ 1898ರದ್ದು, ಅದನ್ನೂ ಒಂದು ಕಾಲದಲ್ಲಿ ಕೆಡವೋಕೆ ಹೊರಟಿದ್ರು, 99 ವರ್ಷದ ಲೀಸ್‌ಗೆ ಕೊಟ್ಟು ರಿಪೇರಿ ಮಾಡ್ಸಿ 1986ರಲ್ಲಿ ಅಂಗಡಿಗಳಾಗಿ ತೆರೆದ್ರು, ಹಂಗಾಗಿ ಉಳೀತು. ಲಂಡನ್ನಿನ ಕೋವೆಂಟ್ ಗಾರ್ಡನ್ ಮಾರ್ಕೆಟ್ ಉಳಿದಿದ್ದಂತೂ ಅಲ್ಲಿನ ನಿವಾಸಿಗಳು ಬೀದಿಗಿಳಿದು ಜಗಳ ಆಡಿದ್ರಿಂದ, 1980ರಲ್ಲಿ ಅದೂ ಅಂಗಡಿಗಳಾಗೇ ತೆರೀತು. ಅಂಗಡಿ ಬೇಡ ಅಂತ ನಾನೆಲ್ಲಿ ಅಂದೆ? ನಾನು ಕೇಳ್ತಿರೋದು ಬೆಂಚು.

ಅಲ್ಲ, ವ್ಯಾಪಾರಾನೇ ಕಾಪಾಡುತ್ತೆ ಅನ್ನೋರು ವೆನಿಸ್‌ನ ಫೋಂಡಾಕೊ ದೇಯ್ ತೆದೆಸ್ಕಿ ಕಡೆ ಒಂದ್ಸಲ ನೋಡಿ. ಜರ್ಮನ್ ವ್ಯಾಪಾರಿಗಳು ಇಳ್ಕೊಳ್ತಿದ್ದ ಕಟ್ಟಡ, 1505ರಲ್ಲಿ ಬೆಂಕಿಗೆ ಸುಟ್ಟುಹೋಗಿ ಮತ್ತೆ ಕಟ್ಟಿದ್ದು, ಕಳೆದ ಶತಮಾನದಲ್ಲಿ ಪೋಸ್ಟ್ ಆಫೀಸ್ ಆಗಿತ್ತು. ಒಂದು ಕಾಗದ ಹಾಕೋಕೆ ಯಾರು ಬೇಕಾದ್ರೂ ಒಳಗೆ ಹೋಗಬಹುದಿತ್ತು. 2016ರಲ್ಲಿ ಐಷಾರಾಮಿ ಸಾಮಾನಿನ ದೊಡ್ಡ ಮಳಿಗೆ ಆಯ್ತು, ಹತ್ತು ವರ್ಷಾನೂ ತುಂಬಲಿಲ್ಲ, ವ್ಯಾಪಾರ ಗಿಟ್ಟಲಿಲ್ಲ ಅಂತ 2025ರಲ್ಲಿ ಮುಚ್ಚಿದ್ರು. ಪೋಸ್ಟ್ ಆಫೀಸೂ ಹೋಯ್ತು, ಅಂಗಡೀನೂ ಹೋಯ್ತು.

ಬೇರೆ ಥರ ಮಾಡೋಕೆ ಆಗಲ್ವಾ ಅಂದ್ರೆ, ಮಾಡಿದಾರೆ. ಹಾಂಗ್‌ಕಾಂಗಿನ ತಾಯ್ ಕ್ವುನ್ ಹಿಂದೆ ಪೊಲೀಸ್ ಠಾಣೆ, ಕೋರ್ಟು, ಜೈಲು ಎಲ್ಲಾ ಒಟ್ಟಿಗಿದ್ದ ಆವರಣ. 2018ರಲ್ಲಿ ತೆರೆದ್ರು, ಅಂಗಡಿ ಹೋಟೆಲ್ ಎಲ್ಲಾ ಇವೆ, ಆದ್ರೆ ಅಂಗಳಕ್ಕೆ ಟಿಕೆಟ್ ಇಲ್ಲ, ಜೈಲಿನ ಸೆಲ್‌ಗಳನ್ನೂ ಹಂಗೇ ಉಳಿಸಿ ನೋಡೋಕೆ ಬಿಟ್ಟಿದಾರೆ. ಬ್ಯೂನಸ್ ಐರಿಸ್‌ನಲ್ಲಿ 1919ರ ಒಂದು ನಾಟಕಶಾಲೆ 2000ದಿಂದ ಪುಸ್ತಕದಂಗಡಿ, ಪ್ರೇಕ್ಷಕರು ಕೂರ್ತಿದ್ದ ಬಾಕ್ಸ್‌ಗಳಲ್ಲೇ ಕೂತು ಓದಬಹುದು. ಅದೂ ಅಂಗಡೀನೇ ತಾನೆ? ಕೂತೋರು ಕೊಳ್ಳಲ್ಲ ಅಂತ ಅಲ್ಲಿ ಯಾರಿಗೂ ಭಯ ಆಗ್ಲಿಲ್ಲ.

ಲೀಸ್ ಬರೆಯೋವಾಗ ಬಣ್ಣ ಯಾವ್ದು, ಬೋರ್ಡ್ ಎಷ್ಟುದ್ದ, ಕಿಟಕಿಗೆ ಯಾವ ಮರ ಅಂತ ಪುಟಗಟ್ಲೆ ಬರೀತಾರೆ, ನಾನೇ ಓದಿದೀನಿ. ಅದರಲ್ಲಿ ಇನ್ನೊಂದು ಸಾಲು ಸೇರಿಸೋಕೆ ಏನ್ ಕಷ್ಟ? ನೆಲಮಹಡೀಲಿ ಇಷ್ಟು ಜನಕ್ಕೆ ಪುಕ್ಕಟೆ ಕೂರೋ ಜಾಗ, ಕುಡಿಯೋ ನೀರು, ಒಂದು ಟಾಯ್ಲೆಟ್, ಬಾಗಿಲಲ್ಲಿ ನಿಲ್ಲೋ ಹುಡುಗನಿಗೆ ಒಂದು ಕುರ್ಚಿ. ಗಾರೆಗೆ ಅಷ್ಟು ಖರ್ಚು ಮಾಡಿದೋರಿಗೆ ಇದು ಲೆಕ್ಕಾನಾ?

ಈ ಫೀಲ್ಡಲ್ಲಿರೋ ಸ್ನೇಹಿತರು ಇದನ್ನ ಓದ್ತಾ ಇದ್ದೀರ ಅಂತ ಗೊತ್ತು. ನಿಮ್ಮ ಟೇಬಲ್ ಮೇಲೂ ಇಂಥ ಡ್ರಾಯಿಂಗ್ ಬರುತ್ತೆ, ಬೆಂಚ್ ತೆಗೀರಿ ಅಂತ ಫೋನೂ ಬರುತ್ತೆ. ಯಾಕೆ ಅಂತ ಒಂದ್ಸಲ ಜೋರಾಗಿ ಕೇಳಿ. ನಾನು ಕೇಳಿರ್ಲಿಲ್ಲ.