ಡೊಂಬಿವಲಿಯಲ್ಲಿ ಸಭ್ಯತೆಯ ಶನಿವಾರಗಳು

ಮುಂಬೈ ಪಕ್ಕದ ಡೊಂಬಿವಲಿಯ ಹೆತ್ತವರ ಧೈರ್ಯವನ್ನು ಮೆಚ್ಚಲೇಬೇಕು. ಕಟ್ಟಡದ ಬಾಗಿಲಿಗೆ ಅಡ್ಡ ನಿಂತಿದ್ದವನಿಗೆ ‘ಎಕ್ಸ್‌ಕ್ಯೂಸ್ ಮಿ’ ಎಂದ ತಪ್ಪಿಗೆ ಇಬ್ಬರು ಯುವತಿಯರು ಪೆಟ್ಟು ತಿಂದ 2025ರ ಏಪ್ರಿಲ್‌ನ ಸುದ್ದಿಯನ್ನು ನೀವೂ ಓದಿದ್ದೀರಿ. ಮರಾಠಿಯಲ್ಲಿ ಕೇಳಬೇಕಿತ್ತಂತೆ. ಅದೇ ಊರಿನ ವಸತಿ ಸೊಸೈಟಿಯೊಂದರ ಸೂಚನಾ ಫಲಕದಲ್ಲಿ ಈಗ ಬಣ್ಣದ ಕಾಗದವೊಂದು ಅಂಟಿದೆ: ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಸಭ್ಯ ಇಂಗ್ಲಿಷ್ ತರಗತಿ, ಪ್ರತಿ ಶನಿವಾರ. ಮೊದಲ ಪಾಠ, ಅಪರಿಚಿತರನ್ನು ನಯವಾಗಿ ಮಾತನಾಡಿಸುವುದು ಹೇಗೆ. ಪಕ್ಕದ ಕೋಣೆಯಲ್ಲಿ ಕರಾಟೆ ತರಗತಿಯೂ ಇದೆ. ಅದನ್ನು ಮುಗಿಸಿಕೊಂಡೇ ಇದಕ್ಕೆ ಸೇರುವುದು ಒಳ್ಳೆಯದು.

ಪಠ್ಯಕ್ರಮವಂತೂ ಭರ್ಜರಿ. ಬೆಳಗಿನ ವಂದನೆ, ಸಂಜೆಯ ವಂದನೆ, ಹುಟ್ಟುಹಬ್ಬಕ್ಕೆ ಕರೆಯುವುದು, ಕರೆದರೆ ಒಪ್ಪುವುದು, ಎಲ್ಲಕ್ಕಿಂತ ಮುಖ್ಯವಾಗಿ ಒಪ್ಪದಿರುವುದು. ‘ಬಾ’ ಎಂದರೆ ಒರಟು. ‘ವುಡ್ ಯು ಲೈಕ್ ಟು’ ಎಂದು ಶುರು ಮಾಡಬೇಕು. ಹೋಗಲು ಮನಸ್ಸಿಲ್ಲದಿದ್ದರೆ ‘ಐ ವುಡ್ ಲವ್ ಟು’ ಎಂದು ಮುಖ ಅರಳಿಸಿ, ಒಂದು ಗಳಿಗೆ ತಡೆದು, ಮೆಲ್ಲಗೆ ‘ಬಟ್’ ಸೇರಿಸಬೇಕು. ‘ನಾನು ಬರುವುದಿಲ್ಲ, ನೀನು ನನ್ನ ಸೈಕಲ್ ಮುರಿದಿದ್ದೀಯ’ ಎಂದು ಮುಖಕ್ಕೇ ಹೇಳಬಲ್ಲ ಮಗುವಿಗೆ ಕೆಲವೇ ವಾರಗಳಲ್ಲಿ ಸಲೀಸಾಗಿ ಸುಳ್ಳು ಹೇಳಲು ಕಲಿಸಿಕೊಡುತ್ತಾರೆಂದರೆ ಎಷ್ಟು ಶುಲ್ಕ ಕೊಟ್ಟರೂ ಕಡಿಮೆಯೇ. ನಮ್ಮ ಕಾಲದವರು ಈ ಕಲೆಯನ್ನು ಮೂವತ್ತು ದಾಟಿದ ಮೇಲೆ, ದೂರದ ನೆಂಟರ ಮದುವೆಗಳನ್ನು ತಪ್ಪಿಸಿಕೊಳ್ಳುತ್ತ, ಸ್ವಂತ ಶ್ರಮದಿಂದ ಕಲಿಯಬೇಕಾಯಿತು.

ಇಲ್ಲಿನ ಕನ್ನಡದ ಮನೆಗಳಲ್ಲಿ ಕರೆಯುವ ಕೆಲಸ ಮೊದಲಿನಿಂದಲೂ ಮಕ್ಕಳದೇ. ಸಂಕ್ರಾಂತಿ ಬಂತೆಂದರೆ ಏಳು ವರ್ಷದ ಹುಡುಗಿ ಮೇಲಿನ ಮಹಡಿಯಿಂದ ಮೆಟ್ಟಿಲಿಳಿಯುತ್ತ, ಒಂದೊಂದೇ ಕರೆಗಂಟೆ ಒತ್ತಿ, ‘ಆಂಟಿ, ಸಂಜೆ ಆರಕ್ಕೆ ಅರಿಶಿನ ಕುಂಕುಮಕ್ಕೆ ಬರಬೇಕಂತೆ, ಅಮ್ಮ ಹೇಳಿದ್ದಾರೆ’ ಎಂದು ಒಂದೇ ಉಸಿರಿಗೆ ಒಪ್ಪಿಸಿ, ಉತ್ತರಕ್ಕೂ ಕಾಯದೆ ಕೆಳಗಿನ ಮಹಡಿಗೆ ಓಡುತ್ತಾಳೆ. ಮರಾಠಿಯವರ ಬಾಗಿಲಲ್ಲಿ ಅದೇ ಮಾತು ಮರಾಠಿಯಲ್ಲಿ, ಗುಜರಾತಿಗಳ ಬಾಗಿಲಲ್ಲಿ ಹಿಂದಿಯಲ್ಲಿ. ಯಾರೂ ಬೇಸರಪಟ್ಟುಕೊಂಡದ್ದಿಲ್ಲ, ಕರೆದವರೆಲ್ಲ ಬಂದು ಎಳ್ಳುಬೆಲ್ಲ ಸಾಲದೇ ಹೋದದ್ದುಂಟು. ಇಂಥ ಹುಡುಗಿಯನ್ನು ಹಿಡಿದು ಕೂರಿಸಿ, ಇನ್ನು ಮುಂದೆ ಕಾರ್ಡಿನ ಕೆಳಗೆ ಆರ್‌ಎಸ್‌ವಿಪಿ, ಅಂದರೆ ಬರುತ್ತೀರೋ ಇಲ್ಲವೋ ತಿಳಿಸಿ, ಎಂದು ಬರೆದು ಕಾಯಬೇಕು ಎನ್ನುತ್ತಾರೆ. ಉತ್ತರಗಳೆಲ್ಲ ಬಂದು ಮುಟ್ಟುವಷ್ಟರಲ್ಲಿ ಎಳ್ಳು ಕಮಟು ಹಿಡಿದಿರುತ್ತದೆ.

ಮಕ್ಕಳ ತಲೆಗೆ ಭಾಷೆಯ ಹೊರೆ ಎಂಬ ವಿಷಯದಲ್ಲಿ ನಮ್ಮ ಮಹಾರಾಷ್ಟ್ರ ಬಹಳ ಸೂಕ್ಷ್ಮ. ಒಂದನೆಯ ತರಗತಿಯಿಂದ ಹಿಂದಿ ಎಂದು ಸರ್ಕಾರ ಆದೇಶಿಸಿತು, ಗದ್ದಲವಾಯಿತು, 2025ರ ಜೂನ್ 29ರಂದು ಆದೇಶ ವಾಪಸಾಯಿತು. ಆ ಗೆಲುವನ್ನು ಸಂಭ್ರಮಿಸಲು ಜುಲೈ 5ರಂದು ಮುಂಬೈಯ ವರಳಿಯಲ್ಲಿ ಉದ್ಧವ್ ಮತ್ತು ರಾಜ್ ಠಾಕ್ರೆ ಎಂಬ ರಾಜಕೀಯ ದಾಯಾದಿಗಳು ಎರಡು ದಶಕದ ಮುನಿಸು ಮರೆತು ಒಂದೇ ವೇದಿಕೆ ಹತ್ತಿದರು. ಇಂಗ್ಲಿಷ್ ಮಾತ್ರ 2000ದಿಂದಲೇ ಒಂದನೆಯ ತರಗತಿಯಲ್ಲಿ ಕಾಲು ಚಾಚಿ ಕುಳಿತಿದೆ. ಅದರ ತೂಕ ಯಾರ ತಲೆಗೂ ತಟ್ಟಿದಂತಿಲ್ಲ.

ಮುಂಬೈಯ ಮಾಟುಂಗ ಸ್ಟೇಷನ್ನಿನ ಪಕ್ಕ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಎಲೆ ಹಾಕುತ್ತಿದೆ. ಇಂಥ ಕಡೆ ಬಡಿಸುವವರು ಇನ್ನಷ್ಟು ಸಾರು ಬಯಸುವಿರಾ ಎಂದೆಲ್ಲ ವಿಚಾರಿಸುವುದಿಲ್ಲ. ಸೌಟು ಬಗ್ಗಿಸುತ್ತಾರೆ, ಬೇಡವಾದವರು ಎಲೆಗೆ ಕೈ ಅಡ್ಡ ಹಿಡಿಯಬೇಕು. ಮುಂಬೈಯ ಹೋಟೆಲುಗಳಲ್ಲಿ ಲೋಟ ತೊಳೆದ ಕರಾವಳಿಯ ಹುಡುಗರೂ ಇಂಗ್ಲಿಷ್ ಕಲಿತವರೇ. ಹಗಲೆಲ್ಲ ಮೇಜು ಒರೆಸಿ, ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತ ಕಲಿತರು. ವಕೀಲರಾದರು, ಗುಮಾಸ್ತರಾದರು, ಹೋಟೆಲಿನ ಮಾಲೀಕರಾದರು. ಅವರಿಗೆ ಇಂಗ್ಲಿಷ್ ಬೇಕಾದದ್ದು ಬ್ಯಾಂಕಿನ ಅರ್ಜಿ ತುಂಬಲು, ಪರವಾನಗಿ ಕಚೇರಿಯಲ್ಲಿ ಮೋಸ ಹೋಗದಿರಲು. ಆ ರಾತ್ರಿಶಾಲೆಗಳಲ್ಲಿ ಬಹುಪಾಲು ಮುಚ್ಚಿದವು. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಬೆಂಚುಗಳು ಖಾಲಿಯಾದವು. ಕನ್ನಡ ಸಂಘದ ಸಭೆಗಳಲ್ಲಿ ಠರಾವು ಆಯಿತು, ಉಪ್ಪಿಟ್ಟು ಕಾಫಿಯೂ ಆಯಿತು.

ಇಂಗ್ಲಿಷ್ ಕಲಿಯಲಿ, ಯಾರು ಬೇಡವೆಂದರು. ಆದರೆ ತರಗತಿ ಮುಗಿಸಿ ಬಂದ ಮಗು ಲಿಫ್ಟಿನಲ್ಲಿ ಸೊಸೈಟಿಯ ಕಾರ್ಯದರ್ಶಿಗೆ ‘ಗುಡ್ ಈವನಿಂಗ್, ಸರ್’ ಎನ್ನುತ್ತದೆ. ಗೇಟಿನಲ್ಲಿ ಅಜ್ಜನ ವಯಸ್ಸಿನ ವಾಚ್‌ಮನ್ನನ್ನು ಏಕವಚನದಲ್ಲಿ ಕೂಗುತ್ತದೆ, ಅಪ್ಪ ಅಮ್ಮ ಕೂಗುವ ಹಾಗೆಯೇ. ನೆಲ ಒರೆಸುವ ಹೆಂಗಸಿನ ಮುಂದೆ ನಡೆದುಹೋಗುವಾಗ ಅದಕ್ಕೆ ಅಲ್ಲಿ ಯಾರೂ ಕಾಣುವುದಿಲ್ಲ. ಎಷ್ಟೋ ಸೊಸೈಟಿಗಳಲ್ಲಿ ಆಕೆ ಆ ಲಿಫ್ಟ್ ಹತ್ತುವಂತೆಯೂ ಇಲ್ಲ. ಆಕೆಗೆ, ನಾಯಿಗಳಿಗೆ, ಗ್ಯಾಸ್ ಸಿಲಿಂಡರಿಗೆ ಬೇರೆ ಲಿಫ್ಟ್. ಈ ನಿಯಮವನ್ನು ಠರಾವು ಮಾಡಿ, ಸಹಿ ಹಾಕಿ, ಚೌಕಟ್ಟು ಕಟ್ಟಿಸಿ ತೂಗುಹಾಕಿದವರೇ ಮಕ್ಕಳಿಗೆ ಸಭ್ಯತೆ ಕಲಿಸಲು ಹೊರಟಿದ್ದಾರೆ. ನಾಚಿಕೆಯಾಗಬೇಕು. ಇದನ್ನು ನಗಿಸುವಂತೆ ಬರೆಯಲು ನನಗೆ ಉತ್ಸಾಹ ಉಳಿದಿಲ್ಲ.

ಕೊನೆಯ ಶನಿವಾರ ಪ್ರದರ್ಶನವಿದೆಯಂತೆ. ಮಕ್ಕಳು ಅತಿಥಿಗಳನ್ನು ಸ್ವಾಗತಿಸುತ್ತಾರೆ. ಅಪ್ಪಂದಿರು ಒಬ್ಬರ ಮೇಲೊಬ್ಬರು ಬಿದ್ದು ಮೊಬೈಲಿನಲ್ಲಿ ಅದನ್ನು ಹಿಡಿಯುತ್ತಾರೆ. ಸೇರುವವರು ಬೇಗ ಸೇರಿಕೊಳ್ಳಿ. ಕಟ್ಟಿದ ಹಣ ಯಾವ ಕಾರಣಕ್ಕೂ ಮರಳಿಸಲಾಗದು, ವಿಚಾರಿಸುವಂತಿಲ್ಲ. ಈ ಸಾಲನ್ನು ಮಾತ್ರ ‘ದಯವಿಟ್ಟು’ ಎಂಬ ಒಂದು ಮಾತೂ ಇಲ್ಲದೆ, ದಪ್ಪಕ್ಷರದಲ್ಲಿ ಮುದ್ರಿಸಿದ್ದಾರೆ.